ತಾರಸಿ ಹಸಿರು ಮತ್ತು ನಮ್ಮ ದುಂಬಿಗಳು: ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳಿಗೆ ಹೂಗಿಡಗಳ ಆಯ್ಕೆ

1. ಪೀಠಿಕೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಡಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸರ್ಕಾರವು 2025ರಲ್ಲಿ ತೀರ್ಮಾನಿಸಿತು. ರೇಷ್ಮೆ, ಮಾವು, ತೆಂಗು ಮತ್ತು ರಾಗಿಗೆ ಹೆಸರಾದ ಈ ತಾಲ್ಲೂಕುಗಳ ಪಟ್ಟಣಗಳು ಬೆಂಗಳೂರಿನ ಸಾಮೀಪ್ಯದಿಂದಾಗಿ ಶೀಘ್ರವಾಗಿ ಬೆಳೆಯುತ್ತಿವೆ. ಹೊಲ, ಬದು ಮತ್ತು ಬೇಲಿಸಾಲುಗಳಿದ್ದ ಜಾಗದಲ್ಲಿ ಕಾಂಕ್ರೀಟ್ ತಾರಸಿಯ ಮನೆಗಳು ಎದ್ದಿವೆ. ಬದುವಿನ ತುಂಬೆ, ಬೇಲಿಯ ತಂಗಡಿ ಮತ್ತು ಹೊಲದ ಹುಚ್ಚೆಳ್ಳು ಮರೆಯಾದಂತೆ ಅವುಗಳನ್ನು ಆಶ್ರಯಿಸಿದ್ದ ಜೇನು ಹಾಗೂ ದುಂಬಿಗಳ ಆಹಾರವೂ ಕಡಿಮೆಯಾಗುತ್ತದೆ.

ತಾರಸಿಯ ಮೇಲೆ ತೆಳುವಾಗಿ ಮಣ್ಣು ಹರಡಿ ಅಥವಾ ತೊಟ್ಟಿಗಳನ್ನಿರಿಸಿ ಹೂಗಿಡ ಬೆಳೆಸುವುದರಿಂದ ಈ ನಷ್ಟವನ್ನು ಭಾಗಶಃ ತುಂಬಿಕೊಡಲು ಸಾಧ್ಯವಿದೆ. ಆದರೆ ಯಾವ ಗಿಡ, ಎಷ್ಟು ಮಣ್ಣು, ಯಾವ ತಿಂಗಳು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳದಿದ್ದಲ್ಲಿ ಕಟ್ಟಡಕ್ಕೂ ಹಾನಿ, ದುಂಬಿಗಳಿಗೂ ಪ್ರಯೋಜನವಿಲ್ಲ. ಸಾರ್ವಜನಿಕರ ಅನುಕೂಲಕ್ಕಾಗಿ ಈ ಕುರಿತ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

2. ‘ಬಂಬಲ್‌ಬೀ’ ಮತ್ತು ನಮ್ಮ ದುಂಬಿ

ಹಸಿರು ಛಾವಣಿಗಳ ಬಗ್ಗೆ ದೊರೆಯುವ ಬಹುತೇಕ ಮಾಹಿತಿಯು ಯುರೋಪ್ ಮತ್ತು ಉತ್ತರ ಅಮೆರಿಕಕ್ಕೆ ಸಂಬಂಧಿಸಿದ್ದಾಗಿದೆ. ಅಲ್ಲಿನ ಪಟ್ಟಿಗಳು ಬಂಬಲ್‌ಬೀ ಎಂಬ ರೋಮಭರಿತ ಕೀಟವನ್ನು ಗಮನದಲ್ಲಿರಿಸಿಕೊಂಡು ಸಿದ್ಧಪಡಿಸಿದವು. ಈ ಕೀಟವು ತಂಪು ಹವೆಯ ನಿವಾಸಿ. ಭಾರತದಲ್ಲಿ ಕಾಶ್ಮೀರ, ಹಿಮಾಚಲ ಪ್ರದೇಶ, ಉತ್ತರಾಖಂಡ, ಸಿಕ್ಕಿಂ, ಅರುಣಾಚಲ ಪ್ರದೇಶಗಳ ಹಿಮಾಲಯ ಭಾಗದಲ್ಲಿ ಮುಖ್ಯವಾಗಿ ಇದು ಕಂಡುಬರುತ್ತದೆ. ಕರ್ನಾಟಕದಲ್ಲಿ ಇದರ ಯಾವ ಪ್ರಭೇದವೂ ನೈಸರ್ಗಿಕವಾಗಿ ಇಲ್ಲ. ಆದುದರಿಂದ ಆ ಪಟ್ಟಿಗಳ ಬೀಜಗಳನ್ನು ತರಿಸಿ ಇಲ್ಲಿ ಬಿತ್ತುವುದರಿಂದ ಉದ್ದೇಶ ಈಡೇರುವುದಿಲ್ಲ.

ನಮ್ಮಲ್ಲಿ ಅದರ ಕೆಲಸವನ್ನು ಮುಖ್ಯವಾಗಿ ಎರಡು ಬಗೆಯ ಒಂಟಿ ಕೀಟಗಳು ನಿರ್ವಹಿಸುತ್ತವೆ. ಮೊದಲನೆಯದು ಬಡಗಿ ದುಂಬಿ. ಹೊಳೆಯುವ ಕಪ್ಪು ಮೈ, ನೀಲಿ ಛಾಯೆಯ ರೆಕ್ಕೆ, ದೊಡ್ಡ ಗುಂಯ್‌ಗುಡುವಿಕೆ ಇದರ ಗುರುತು. ಒಣಮರ ಅಥವಾ ಬಿದಿರಿನಲ್ಲಿ ಗುಂಡನೆಯ ರಂಧ್ರ ಕೊರೆದು ಗೂಡು ಮಾಡುತ್ತದೆ, ಮರವನ್ನು ತಿನ್ನುವುದಿಲ್ಲ. ಎರಡನೆಯದು ನೀಲಿಪಟ್ಟೆ ಜೇನು. ಗಾತ್ರದಲ್ಲಿ ತುಡುವೆ ಜೇನಿಗಿಂತ ಸ್ವಲ್ಪ ದೊಡ್ಡದು. ಹೊಟ್ಟೆಯ ಮೇಲೆ ತಿಳಿನೀಲಿ ಪಟ್ಟೆಗಳಿರುತ್ತವೆ. ಮಣ್ಣಿನ ಗೋಡೆ ಹಾಗೂ ಗಟ್ಟಿನೆಲದಲ್ಲಿ ಗೂಡು ಮಾಡುತ್ತದೆ.

ಇವೆರಡರ ವಿಶೇಷತೆಯೆಂದರೆ ಕಂಪನದ ಮೂಲಕ ನಡೆಸುವ ಪರಾಗಸ್ಪರ್ಶ. ಬದನೆ, ಟೊಮೇಟೊ ಮತ್ತು ತಂಗಡಿ ಹೂಗಳ ಪರಾಗವು ಕೇಸರದ ತುದಿಯ ಸಣ್ಣ ರಂಧ್ರದಿಂದ ಮಾತ್ರ ಹೊರಬೀಳುತ್ತದೆ. ದುಂಬಿಯು ಹೂವನ್ನು ಅವುಚಿ ಹಿಡಿದು, ರೆಕ್ಕೆ ಬಡಿಯದೆ ಹಾರಾಟದ ಸ್ನಾಯುಗಳನ್ನು ಮಾತ್ರ ಕಂಪಿಸಿದಾಗ ಪರಾಗ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ಸಾಮರ್ಥ್ಯವಿಲ್ಲ. ಜೇನುಪೆಟ್ಟಿಗೆ ಇರಿಸಿದ ಮಾತ್ರಕ್ಕೆ ಬದನೆ ಗಿಡದ ಕಾಯಿಕಚ್ಚುವಿಕೆ ಹೆಚ್ಚದಿರಲು ಇದೂ ಒಂದು ಕಾರಣ.

ಬೆಲ್ಜಿಯಂನಲ್ಲಿ 1987ರಿಂದ ಹಸಿರುಮನೆಯ ಟೊಮೇಟೊ ಬೆಳೆಗಾಗಿ ಬಂಬಲ್‌ಬೀಗಳನ್ನು ವಾಣಿಜ್ಯ ಪ್ರಮಾಣದಲ್ಲಿ ಸಾಕಲಾಗುತ್ತಿದೆ. ಇಂತಹ ಯುರೋಪಿನ ತಳಿಯನ್ನು 1990ರ ದಶಕದ ಕೊನೆಯಲ್ಲಿ ಚಿಲಿ ದೇಶಕ್ಕೆ ತರಲಾಯಿತು. ಅದು ಕಾಡಿಗೆ ಹಬ್ಬಿದ ನಂತರ ಅಲ್ಲಿನ ಸ್ಥಳೀಯ ಬಂಬಲ್‌ಬೀ ಹಲವು ಪ್ರದೇಶಗಳಿಂದ ಕಣ್ಮರೆಯಾಯಿತು. ಹೊರಗಿನ ಕೀಟವನ್ನು ತರುವುದಕ್ಕಿಂತ ಇಲ್ಲಿರುವ ದುಂಬಿಯನ್ನು ಉಳಿಸಿಕೊಳ್ಳುವುದು ಸುರಕ್ಷಿತ ಎಂಬುದಕ್ಕೆ ಇದೊಂದು ನಿದರ್ಶನ.

ಇವುಗಳಲ್ಲದೆ ತುಡುವೆ ಜೇನು, ಕೋಲುಜೇನು, ಕುಟುಕದ ಮುಜಂಟಿ ಜೇನು ಹಾಗೂ ಗುಲಾಬಿ ಎಲೆಯನ್ನು ವೃತ್ತಾಕಾರವಾಗಿ ಕತ್ತರಿಸಿ ಒಯ್ಯುವ ಎಲೆಕತ್ತರಿ ಜೇನುಗಳೂ ತಾರಸಿಗೆ ಬರುತ್ತವೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗದಿಂದ ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳಲ್ಲಿ ಬಹುಪಾಲು ನಾಶವಾಗಿದ್ದವು. ಪರಾಗಸ್ಪರ್ಶಕ್ಕೆ ಒಂದೇ ಜಾತಿಯ ಜೇನನ್ನು ನೆಚ್ಚಿಕೊಳ್ಳುವುದರ ಅಪಾಯವನ್ನು ಆ ಘಟನೆ ತೋರಿಸಿಕೊಟ್ಟಿತು.

3. ಆಯ್ಕೆಯ ಮೊದಲು: ತಾರಸಿಯ ಭಾರದ ಲೆಕ್ಕ

ಗಿಡದ ಆಯ್ಕೆಯು ಮಣ್ಣಿನ ಆಳವನ್ನೂ, ಮಣ್ಣಿನ ಆಳವು ತಾರಸಿಯ ಸಾಮರ್ಥ್ಯವನ್ನೂ ಅವಲಂಬಿಸಿದೆ. ಭಾರತೀಯ ಮಾನಕ ಐ.ಎಸ್. 875ರ (ಎರಡನೇ ಭಾಗ, 1987) ಪ್ರಕಾರ ಜನರು ಓಡಾಡುವ ಸಮತಟ್ಟಾದ ಛಾವಣಿಯ ಚರ ಭಾರವನ್ನು ಪ್ರತಿ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆ.ಜಿ. ಎಂದು ಪರಿಗಣಿಸಲಾಗುತ್ತದೆ. ದುರಸ್ತಿಗಾಗಿ ಮಾತ್ರ ಹತ್ತುವ ಛಾವಣಿಗೆ ಇದರ ಅರ್ಧದಷ್ಟು ಮಾತ್ರ.

ನೀರು ಕುಡಿದ ಕೆಂಪುಮಣ್ಣಿನ 10 ಲೀಟರ್ ಬಕೆಟ್ ಸುಮಾರು 17ರಿಂದ 18 ಕೆ.ಜಿ. ತೂಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ 10 ಸೆಂ.ಮೀ. ದಪ್ಪ ಹರಡಲು ಇಂತಹ 10 ಬಕೆಟ್ ಮಣ್ಣು ಬೇಕು. ಅಂದರೆ ಭಾರವು 170ರಿಂದ 180 ಕೆ.ಜಿ. ಆಗುತ್ತದೆ. ಕೇವಲ ನಾಲ್ಕು ಅಂಗುಲ ಮಣ್ಣು ಹರಡಿದರೂ ಮೇಲ್ಕಂಡ ಮಿತಿ ಮೀರುತ್ತದೆ. ಒಂದು ಚದರಕ್ಕೆ, ಅಂದರೆ 100 ಚದರ ಅಡಿಗೆ, ಒಟ್ಟು ಭಾರ ಒಂದೂವರೆ ಟನ್‌ಗೂ ಅಧಿಕ.

ಆದುದರಿಂದ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ.

(ಅ) ಕೆಂಪುಮಣ್ಣಿನ ಪ್ರಮಾಣವನ್ನು ತಗ್ಗಿಸಿ ತೆಂಗಿನ ನಾರಿನ ಪುಡಿ, ಎಲೆಗೊಬ್ಬರ, ಇಟ್ಟಿಗೆ ಚೂರು ಬೆರೆಸಬೇಕು. ನಾರಿನ ಪುಡಿಯು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದುದರಿಂದ ಒಣ ತೂಕವನ್ನು ಲೆಕ್ಕಿಸದೆ, ಮಿಶ್ರಣವನ್ನು ಪೂರ್ಣ ನೆನೆಸಿ ಬಕೆಟ್‌ನಲ್ಲಿ ತೂಗಿ ಲೆಕ್ಕ ಹಾಕಬೇಕು.

(ಆ) ಆಳದ ತೊಟ್ಟಿಗಳನ್ನು ತಾರಸಿಯ ನಡುವೆ ಇರಿಸದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆಯಲ್ಲಿ ಮಾತ್ರ ಇರಿಸಬೇಕು. ನೀರಿನ ಟ್ಯಾಂಕ್ ಇರುವ ಭಾಗದ ಮೇಲೆ ಹೆಚ್ಚುವರಿ ಭಾರ ಹೇರಬಾರದು.

(ಇ) ಮಣ್ಣು ಹರಡುವ ಮುನ್ನ ನೀರು ಜಿನುಗದಂತೆ ಲೇಪನ ಮಾಡಿಸಿ, ಒಂದೆರಡು ದಿನ ನೀರು ನಿಲ್ಲಿಸಿ ಪರೀಕ್ಷಿಸಬೇಕು. ಲೇಪನದ ಮೇಲೆ ಬೇರುತಡೆ ಹಾಳೆ, ಅದರ ಮೇಲೆ ಜಲ್ಲಿ ಅಥವಾ ಇಟ್ಟಿಗೆ ಚೂರಿನ ಪದರ, ನಂತರ ಮಣ್ಣು ಎಂಬ ಕ್ರಮವಿರಬೇಕು. ಮಳೆನೀರಿನ ಕೊಳವೆಯ ಬಾಯಿಯ ಸುತ್ತ ಮಣ್ಣು ಹಾಕಬಾರದು.

(ಈ) ಕಲ್ಲುಚಪ್ಪಡಿಯ ಮಾಳಿಗೆ, ಹೆಂಚು ಹಾಗೂ ಶೀಟಿನ ಛಾವಣಿಗಳ ಮೇಲೆ ಮಣ್ಣು ಹರಡಬಾರದು. ಅಂತಹ ಮನೆಗಳವರು ಅಂಗಳದಲ್ಲಿ ಅಥವಾ ಕಾಂಪೌಂಡ್ ಬದಿಯಲ್ಲಿ ಇವೇ ಗಿಡಗಳನ್ನು ಬೆಳೆಸಬಹುದು. ಹಳೆಯ ಕಾಂಕ್ರೀಟ್ ಕಟ್ಟಡವಾಗಿದ್ದಲ್ಲಿ ಅರ್ಹ ಎಂಜಿನಿಯರ್‌ರಿಂದ ಪರಿಶೀಲಿಸಿಕೊಳ್ಳುವುದು ಕಡ್ಡಾಯವೆಂದೇ ಭಾವಿಸಬೇಕು.

4. ಮಾದರಿ: ರಾಗಿ ಹೊಲದ ಅಕ್ಕಡಿ ಸಾಲು

ಈ ಭಾಗದ ರೈತರು ರಾಗಿಯ ನಡುವೆ ನಿರ್ದಿಷ್ಟ ಅಂತರದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ ಮುಂತಾದವುಗಳ ಸಾಲು ಬಿತ್ತುವ ಪದ್ಧತಿಯೇ ಅಕ್ಕಡಿ. ಮನೆಯ ಬೇಳೆ, ಎಣ್ಣೆ, ಮೇವಿನ ಅಗತ್ಯಕ್ಕಾಗಿ ರೂಪುಗೊಂಡ ಈ ಪದ್ಧತಿಯು ಜೇನು-ದುಂಬಿಗಳಿಗೆ ಆಹಾರದ ಸರಣಿಯನ್ನೂ ಒದಗಿಸುತ್ತಿತ್ತು. ರಾಗಿಯು ಗಾಳಿಯನ್ನು ಆಶ್ರಯಿಸುವ, ಬಹುಮಟ್ಟಿಗೆ ಸ್ವಪರಾಗಸ್ಪರ್ಶದ ಬೆಳೆ. ಅದರಿಂದ ದುಂಬಿಗೆ ಮಧು ದೊರೆಯುವುದಿಲ್ಲ. ಆದರೆ ಅಕ್ಕಡಿ ಸಾಲಿನಲ್ಲಿ ಸಾಸಿವೆ ಮತ್ತು ಹುಚ್ಚೆಳ್ಳು ಮೊದಲು, ತೊಗರಿ ಮತ್ತು ಅವರೆ ನಂತರ ಹೂಬಿಡುತ್ತಿದ್ದುದರಿಂದ ಹಿಂಗಾರಿನಿಂದ ಮಾಗಿಯವರೆಗೆ ಹೂವಿನ ಕೊರತೆಯಾಗುತ್ತಿರಲಿಲ್ಲ. ಒಂದೇ ಬೆಳೆಯ ಹೊಲಗಳು ಹೆಚ್ಚಿದಂತೆ ಈ ಸರಣಿ ಕಡಿದುಹೋಗುತ್ತದೆ.

ತಾರಸಿಯ ಹೂಗಿಡಗಳ ಆಯ್ಕೆಗೂ ಇದೇ ತತ್ವ ಅನ್ವಯಿಸುತ್ತದೆ. ಒಂದೇ ಬಾರಿಗೆ ಸಮೃದ್ಧವಾಗಿ ಅರಳಿ ಮುಗಿಯುವ ತೋಟಕ್ಕಿಂತ, ಪ್ರತಿ ತಿಂಗಳೂ ಕನಿಷ್ಠ ಎರಡು-ಮೂರು ಬಗೆಯ ಹೂ ಇರುವ ತೋಟವು ದುಂಬಿಗೆ ಹೆಚ್ಚು ಉಪಯುಕ್ತ. ಹತ್ತು ತಿಂಗಳು ಆಹಾರವಿದ್ದು ಎರಡು ತಿಂಗಳು ಇಲ್ಲದಿದ್ದಲ್ಲಿ ಗೂಡು ಉಳಿಯುವುದಿಲ್ಲ.

ಸಾಮಾನ್ಯ ಮಾನದಂಡಗಳು ಹೀಗಿವೆ:

• ನೀಲಿ, ನೇರಳೆ, ಹಳದಿ, ಬಿಳಿ ಹೂಗಳಿಗೆ ಆದ್ಯತೆ ನೀಡಬೇಕು. ಜೇನುಗಳ ಕಣ್ಣಿಗೆ ಅಚ್ಚಗೆಂಪು ಸ್ಪಷ್ಟವಾಗಿ ತೋರುವುದಿಲ್ಲ.
• ಒಂಟಿ ಸುತ್ತಿನ ದಳದ ಹೂಗಳನ್ನು ಆರಿಸಬೇಕು. ಸುತ್ತುಸುತ್ತಾಗಿ ದಳ ತುಂಬಿದ ಮಿಶ್ರತಳಿಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುವುದರಿಂದ ಪರಾಗ ಅತ್ಯಲ್ಪ ಅಥವಾ ಶೂನ್ಯ.
• ಒಂದೊಂದು ಬಗೆಯನ್ನು ಚದುರಿಸಿ ನೆಡದೆ, ಕನಿಷ್ಠ ಮೂರು-ನಾಲ್ಕು ಅಡಿ ಜಾಗದಲ್ಲಿ ಗುಂಪಾಗಿ ನೆಡಬೇಕು.
• ಬಂಡೆಯ ಸಂದು, ಬದು, ಬೇಲಿಯಲ್ಲಿ ತಾನಾಗಿ ಬೆಳೆಯುವ ಗಿಡಗಳು ತಾರಸಿಯ ಬಿಸಿಲು ಮತ್ತು ತೆಳುಮಣ್ಣನ್ನು ಚೆನ್ನಾಗಿ ತಾಳುತ್ತವೆ.

5. ಮಣ್ಣಿನ ಆಳಕ್ಕೆ ಅನುಗುಣವಾಗಿ ಶಿಫಾರಸು ಮಾಡಬಹುದಾದ ಗಿಡಗಳು

5.1 ತೆಳುಪದರ (5ರಿಂದ 10 ಸೆಂ.ಮೀ.)

ಟೇಬಲ್ ರೋಸ್: ರಸಭರಿತ ಎಲೆಯ, ನೀರಿನ ಕೊರತೆ ತಾಳುವ ಗಿಡ. ಒಂಟಿ ಸುತ್ತಿನ ದಳದ ಬಗೆಯನ್ನೇ ನೆಡಬೇಕು. ಹೂ ಬೆಳಗಿನ ಬಿಸಿಲೇರಿದ ಮೇಲೆ ಅರಳಿ ಮಧ್ಯಾಹ್ನದ ನಂತರ ಮುಚ್ಚುತ್ತದೆ. ಮುಜಂಟಿ ಹಾಗೂ ತುಡುವೆ ಜೇನು ಪರಾಗಕ್ಕಾಗಿ ಬರುತ್ತವೆ. ಬೇಸಿಗೆಯಲ್ಲೂ ಹೂಬಿಡುವುದು ಇದರ ಹೆಚ್ಚುಗಾರಿಕೆ.

ಗೋಣಿಸೊಪ್ಪು: ಇದೇ ಕುಟುಂಬದ ಸೊಪ್ಪುಗಿಡ. ಸಾರಿಗೂ ಒದಗುತ್ತದೆ, ಹಳದಿ ಹೂ ಸಣ್ಣ ಜೇನುಗಳಿಗೂ ಒದಗುತ್ತದೆ.

ವಿಷ್ಣುಕ್ರಾಂತಿ: ಜಲ್ಲಿಮಿಶ್ರಿತ ನೆಲದಲ್ಲಿ ಹಬ್ಬುವ ಪುಟ್ಟ ಗಿಡ. ಮಳೆಗಾಲದ ಬೆಳಗಿನಲ್ಲಿ ನೀಲಿ ಹೂ ಅರಳುತ್ತದೆ. ಸಣ್ಣ ಒಂಟಿ ಜೇನುಗಳಿಗೆ ಸೂಕ್ತ.

5.2 ಮಧ್ಯಮ ಪದರ (10ರಿಂದ 20 ಸೆಂ.ಮೀ.)

ತುಂಬೆ: ಬದುಗಳಲ್ಲಿ ಮಳೆಯ ನಂತರ ತಾನಾಗಿ ಹುಟ್ಟುತ್ತದೆ. ಶಿವಪೂಜೆಗೆ ಸಲ್ಲುವ ಈ ಬಿಳಿ ಹೂವು ನೀಲಿಪಟ್ಟೆ ಜೇನಿಗೂ ತುಡುವೆಗೂ ಪ್ರಿಯ. ಬಲಿತ ಗಿಡದ ಬೀಜವನ್ನು ಉದುರಿಸಿದರೆ ಮರುವರ್ಷ ತಾನೇ ಹುಟ್ಟಿಕೊಳ್ಳುತ್ತದೆ.

ತುಳಸಿ ಮತ್ತು ಕಾಮಕಸ್ತೂರಿ: ತಾರಸಿಯ ಅತ್ಯಂತ ನಂಬಿಕೆಯ ಗಿಡಗಳು. ತೆನೆಯನ್ನು ಅರ್ಧದಷ್ಟು ಗಿಡಗಳಲ್ಲಿ ಮಾತ್ರ ಚಿವುಟಿ, ಉಳಿದವನ್ನು ಹೂವಿಗೆ ಬಿಟ್ಟಲ್ಲಿ ವರ್ಷದ ಬಹುಕಾಲ ಮಧು ದೊರೆಯುತ್ತದೆ. ನೀಲಿಪಟ್ಟೆ ಜೇನನ್ನು ಮೊದಲ ಬಾರಿಗೆ ಗುರುತಿಸಬಯಸುವವರು ಬೆಳಗಿನ ಹೊತ್ತು ಕಾಮಕಸ್ತೂರಿಯ ಬಳಿ ಕಾಯಬಹುದು.

ಹುಚ್ಚೆಳ್ಳು, ಎಳ್ಳು, ಸಾಸಿವೆ, ಕೊತ್ತಂಬರಿ: ಬೀಜಗಳು ಸ್ಥಳೀಯವಾಗಿ ಸುಲಭವಾಗಿ ದೊರೆಯುತ್ತವೆ. ಒಮ್ಮೆಗೇ ಬಿತ್ತದೆ, ಹದಿನೈದು ದಿನಗಳ ಅಂತರದಲ್ಲಿ ಎರಡು-ಮೂರು ಕಂತುಗಳಲ್ಲಿ ಬಿತ್ತಿದರೆ ಹೂವಿನ ಅವಧಿ ವಿಸ್ತರಿಸುತ್ತದೆ. ಕೊತ್ತಂಬರಿಯನ್ನು ಸೊಪ್ಪಿಗೆ ಪೂರ್ತಿ ಕೀಳದೆ ಒಂದು ಪಾಲನ್ನು ಹೂವಿಗೆ ಉಳಿಸಬೇಕು.

ಮಾಕಂದಿ ಬೇರು: ಒಣಗುಡ್ಡಗಳಲ್ಲಿ ಬೆಳೆಯುವ, ತುಳಸಿಯ ಕುಟುಂಬಕ್ಕೆ ಸೇರಿದ ಔಷಧೀಯ ಗಿಡ. ಮಳೆಗಾಲದ ಕೊನೆಯಲ್ಲಿ ನೀಲಿ-ನೇರಳೆ ತೆನೆ ಬಿಡುತ್ತದೆ. ಕೊಂಬೆಯ ತುಂಡಿನಿಂದ ಬೆಳೆಸಬಹುದು.

5.3 ಆಳದ ತೊಟ್ಟಿ (30 ಸೆಂ.ಮೀ. ಮತ್ತು ಹೆಚ್ಚು)

ಬದನೆ, ಟೊಮೇಟೊ: ದುಂಬಿಗೆ ಪರಾಗ, ಮನೆಗೆ ತರಕಾರಿ. ತಾರಸಿಗೆ ದುಂಬಿ ಬರುತ್ತಿದೆಯೇ ಎಂಬುದರ ಅಳತೆಗೋಲೂ ಹೌದು.

ಅವರೆ ಮತ್ತು ತೊಗರಿ: ಬಡಗಿ ದುಂಬಿಯಂತಹ ಬಲವಾದ ಕೀಟವು ಈ ಹೂಗಳ ಕೆಳದಳವನ್ನು ಸುಲಭವಾಗಿ ಅದುಮಿ ಮಧು ಹೀರುತ್ತದೆ. ಮಾಗಡಿ ಸೀಮೆಯ ಅವರೆಗೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ವಿಶೇಷ ಬೇಡಿಕೆಯಿರುವುದು ತಿಳಿದ ವಿಷಯ. ಚಪ್ಪರದ ಅವರೆಯನ್ನು ತಾರಸಿಯ ಕಂಬಿಗೆ ಹಬ್ಬಿಸಬಹುದು.

ಶಂಖಪುಷ್ಪ: ನೀಲಿ ಹೂವಿನ ಬಳ್ಳಿ. ಪ್ಯಾರಪೆಟ್ ಗೋಡೆಯ ಬದಿಗೆ ಸೂಕ್ತ.

ಮುಳ್ಳುಗೋರಂಟಿ ಮತ್ತು ಸ್ಫಟಿಕದ ಹೂ: ಮಳೆ ಮುಗಿದ ನಂತರ ಮಾಗಿಯವರೆಗೆ ಹೂ. ನಿರ್ವಹಣೆ ಅತ್ಯಲ್ಪ.

ತಂಗಡಿ: ಆವರಿಕೆ ಎಂದೂ ಕರೆಯುವ ಈ ಪೊದೆಯು ಒಣಭೂಮಿಯಲ್ಲಿ ವರ್ಷದ ಬಹುಭಾಗ ಹಳದಿ ಹೂ ಬಿಡುತ್ತದೆ. ಮಧುವಿಲ್ಲದಿದ್ದರೂ ಪರಾಗ ಹೇರಳ. ಅದನ್ನು ಪಡೆಯಲು ಕಂಪನ ಅವಶ್ಯ. ಆದುದರಿಂದ ಬಡಗಿ ದುಂಬಿಗೆ ಇದು ಅತ್ಯುತ್ತಮ. ಪ್ರತಿ ವರ್ಷ ಸವರಿ ಮೂರು ಅಡಿಗೆ ಮಿತಿಗೊಳಿಸಬೇಕು.

6. ಹೂವಿನ ವಾರ್ಷಿಕ ಪಟ್ಟಿ

ಜೂನ್–ಆಗಸ್ಟ್: ಮುಂಗಾರು ಎಳ್ಳು, ಶಂಖಪುಷ್ಪ, ತುಂಬೆ, ತುಳಸಿ, ಗೋಣಿಸೊಪ್ಪು.

ಸೆಪ್ಟೆಂಬರ್–ನವೆಂಬರ್: ಹುಚ್ಚೆಳ್ಳು, ತುಂಬೆ, ಮಾಕಂದಿ ಬೇರು, ವಿಷ್ಣುಕ್ರಾಂತಿ, ಸಾಸಿವೆ, ಮುಳ್ಳುಗೋರಂಟಿ.

ಡಿಸೆಂಬರ್–ಫೆಬ್ರವರಿ: ಅವರೆ, ತೊಗರಿ, ಕೊತ್ತಂಬರಿ, ಸ್ಫಟಿಕದ ಹೂ, ಬದನೆ. ಈ ಅವಧಿಯಲ್ಲಿ ಮಾವಿನ ತೋಪುಗಳೂ ಹೂಬಿಡುತ್ತವೆ. ಮಾವಿನ ಪರಾಗಸ್ಪರ್ಶದಲ್ಲಿ ನೊಣಗಳ ಜೊತೆಗೆ ಸಣ್ಣ ಜೇನುಗಳ ಪಾತ್ರವೂ ಇದೆ.

ಮಾರ್ಚ್–ಮೇ: ವರ್ಷದ ಅತ್ಯಂತ ಕಷ್ಟದ ಅವಧಿ. ತಾರಸಿಯಲ್ಲಿ ಟೇಬಲ್ ರೋಸ್, ಕಾಮಕಸ್ತೂರಿ, ತಂಗಡಿ ಮತ್ತು ನೀರುಣಿಸಿದ ಬದನೆ ಮಾತ್ರ ಉಳಿಯುತ್ತವೆ. ಆದುದರಿಂದ ಇರುವ ಅಲ್ಪ ನೀರನ್ನು ಈ ಗಿಡಗಳಿಗೇ ಮೀಸಲಿಡಬೇಕು. ಪಾತ್ರೆ ಮತ್ತು ತರಕಾರಿ ತೊಳೆದ, ಸೋಪಿಲ್ಲದ ನೀರು ಸಾಕಾಗುತ್ತದೆ.

ತಾರಸಿಯ ಕೊರತೆಯನ್ನು ಬೀದಿಯ ಮರಗಳು ತುಂಬಬಲ್ಲವು. ಹೊಂಗೆ, ಬೇವು, ನೇರಳೆಗಳು ಬೇಸಿಗೆಯಲ್ಲೇ ಹೂಬಿಡುತ್ತವೆ. ಹೊಂಗೆ ಮತ್ತು ನುಗ್ಗೆಯ ಹೂಗಳಿಗೆ ಬಡಗಿ ದುಂಬಿಯು ನಿತ್ಯ ಭೇಟಿ ನೀಡುತ್ತದೆ. ಚನ್ನಪಟ್ಟಣ ಭಾಗದಲ್ಲಿ ತೆಂಗು ಹೆಚ್ಚಿರುವುದು ಅನುಕೂಲ: ಫಲಕ್ಕೆ ಬಂದ ಮರವು ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿಡುವುದರಿಂದ ವರ್ಷಪೂರ್ತಿ ಪರಾಗ ದೊರೆಯುತ್ತದೆ. ಮನೆಯ ಮುಂದೆ ಒಂದು ಹೊಂಗೆ, ಹಿತ್ತಲಲ್ಲಿ ಒಂದು ನುಗ್ಗೆ ಇದ್ದಲ್ಲಿ ತಾರಸಿಯ ತೋಟ ಪೂರ್ಣವಾದಂತೆ.

7. ನೆಡಬಾರದ ಅಥವಾ ಪ್ರಯೋಜನವಿಲ್ಲದ ಗಿಡಗಳು

• ಲಂಟಾನ, ಪಾರ್ಥೇನಿಯಂ: ಹೊಲ-ಕಾಡುಗಳನ್ನು ಆಕ್ರಮಿಸುವ ಕಳೆಗಳು. ‘ಕಾಡುಹೂ ಬೀಜಮಿಶ್ರಣ’ ಎಂದು ಮಾರುವ ಪೊಟ್ಟಣಗಳಲ್ಲಿ ಏನಿದೆ ಎಂದು ತಿಳಿಯದೆ ಬಿತ್ತಬಾರದು.
• ನಿತ್ಯಪುಷ್ಪ: ಹೂವಿನ ನಳಿಕೆ ಕಿರಿದು, ಉದ್ದ. ಚಿಟ್ಟೆಗೆ ಒದಗುತ್ತದೆ, ದುಂಬಿಗೆ ಅಷ್ಟಾಗಿ ಅಲ್ಲ.
• ಎಕ್ಕ: ಬಡಗಿ ದುಂಬಿಗೆ ಪ್ರಿಯವಾದರೂ ಹಾಲು ಕಣ್ಣಿಗೆ ಅಪಾಯಕಾರಿ. ಮಕ್ಕಳು ಓಡಾಡುವ ತಾರಸಿಯಲ್ಲಿ ಬೇಡ. ಹೊಲದ ಬೇಲಿಯಲ್ಲಿರುವುದನ್ನು ಕಡಿಯದಿದ್ದರೆ ಸಾಕು.
• ಅರಳಿ, ಆಲ, ಅತ್ತಿ: ಹಕ್ಕಿಗಳು ತಂದ ಬೀಜದಿಂದ ತಾವಾಗಿ ಹುಟ್ಟುತ್ತವೆ. ಬೇರು ತಾರಸಿಯನ್ನು ಸೀಳುವುದರಿಂದ ಸಸಿಯಿದ್ದಾಗಲೇ ಬೇರುಸಹಿತ ತೆಗೆದು ಬೇರೆಡೆ ನೆಡಬೇಕು.

ರಾಮದೇವರ ಬೆಟ್ಟವು 2012ರಿಂದ ರಣಹದ್ದು ಧಾಮವಾಗಿದೆ. ಅಲ್ಲಿಂದಾಗಲಿ, ಸಾವನದುರ್ಗ ಹಾಗೂ ಕನಕಪುರದ ಅರಣ್ಯ ಪ್ರದೇಶಗಳಿಂದಾಗಲಿ ಗಿಡ ಕಿತ್ತು ತರಬಾರದು. ಬದು ಮತ್ತು ರಸ್ತೆಬದಿಯ ಗಿಡಗಳಿಂದ ಒಣಗಿದ ಬೀಜ ಸಂಗ್ರಹಿಸುವುದು ಸಾಕಾಗುತ್ತದೆ.

8. ಗೂಡು, ನೀರು ಮತ್ತು ಔಷಧಿ ಸಿಂಪಡಣೆ

ಹೂ ಮಾತ್ರವಿದ್ದು ಗೂಡಿಗೆ ಸ್ಥಳವಿಲ್ಲದಿದ್ದಲ್ಲಿ ದುಂಬಿ ನೆಲೆಗೊಳ್ಳುವುದಿಲ್ಲ. ಬಣ್ಣ ಹಚ್ಚದ ಒಣಮರದ ಒಂದು ತುಂಡು ಅಥವಾ ಒಂದು ಬದಿ ಗೆಣ್ಣಿನಿಂದ ಮುಚ್ಚಿದ ಬಿದಿರಿನ ಕೊಳವೆಗಳನ್ನು ಮಳೆ ಬೀಳದ ಮೂಲೆಯಲ್ಲಿ ಅಡ್ಡಲಾಗಿ ಕಟ್ಟಬೇಕು. ಮನೆಯ ತೊಲೆಯನ್ನು ಕೊರೆಯುವ ಭಯವಿದ್ದಲ್ಲಿ ತೊಲೆಗೆ ಬಣ್ಣ ಬಳಿದು, ಈ ತುಂಡನ್ನು ಪರ್ಯಾಯವಾಗಿ ಒದಗಿಸಬಹುದು. ನೀಲಿಪಟ್ಟೆ ಜೇನಿಗಾಗಿ ಜೇಡಿಮಣ್ಣು ತುಂಬಿ ಒಣಗಿಸಿದ ಒಂದು ಕುಂಡವನ್ನು ಅಡ್ಡಲಾಗಿ ಮಲಗಿಸಿಡಬಹುದು.

ಅಗಲವಾದ ತಟ್ಟೆಯಲ್ಲಿ ಕಲ್ಲುಗಳನ್ನಿರಿಸಿ ನೀರು ತುಂಬಿಸಿದರೆ ಜೇನುಗಳು ಮುಳುಗದೆ ನೀರು ಕುಡಿಯುತ್ತವೆ. ಡೆಂಗಿ ಹರಡುವ ಸೊಳ್ಳೆ ಬೆಳೆಯದಂತೆ ಈ ನೀರನ್ನು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಿಸಬೇಕು.

ಹಿಪ್ಪುನೇರಳೆ ತೋಟದ ಬದಿಯಲ್ಲಿ ಕೀಟನಾಶಕ ಸಿಂಪಡಿಸಿದರೆ ರೇಷ್ಮೆಹುಳು ಸಾಯುತ್ತದೆ ಎಂಬುದು ಈ ಜಿಲ್ಲೆಯ ಪ್ರತಿ ರೈತ ಕುಟುಂಬಕ್ಕೂ ತಿಳಿದಿದೆ. ಅದೇ ಎಚ್ಚರ ದುಂಬಿಯ ವಿಷಯದಲ್ಲೂ ಅಗತ್ಯ. ಹುಳು ಸತ್ತರೆ ಗೂಡು ಮಾರುಕಟ್ಟೆಯ ಲೆಕ್ಕದಲ್ಲಿ ನಷ್ಟ ಕಾಣುತ್ತದೆ. ದುಂಬಿ ಸತ್ತರೆ ಯಾವ ಲೆಕ್ಕಪುಸ್ತಕದಲ್ಲೂ ಕಾಣುವುದಿಲ್ಲ, ಬದನೆಯ ಕಾಯಿ ಕಡಿಮೆಯಾದಾಗ ಮಾತ್ರ ಅರಿವಿಗೆ ಬರುತ್ತದೆ. ನಿಯೋನಿಕೋಟಿನಾಯ್ಡ್ ಗುಂಪಿನ ಮೂರು ಕೀಟನಾಶಕಗಳ ಹೊರಾಂಗಣ ಬಳಕೆಯನ್ನು ಯುರೋಪಿಯನ್ ಒಕ್ಕೂಟವು 2018ರಲ್ಲಿ ನಿಷೇಧಿಸಲು ಜೇನುಗಳಿಗಾಗುವ ಹಾನಿಯೇ ಕಾರಣವಾಗಿತ್ತು. ಇವು ಗಿಡದೊಳಗೆ ಸೇರಿ ಪರಾಗ ಮತ್ತು ಮಧುವಿಗೂ ಇಳಿಯುತ್ತವೆ. ನರ್ಸರಿಯಿಂದ ತಂದ ಸಸಿಗೆ ಯಾವ ಔಷಧಿ ಹಾಕಲಾಗಿದೆ ಎಂದು ಕೇಳಿ ತಿಳಿಯಬೇಕು. ತಾರಸಿಯ ಗಿಡಗಳಿಗೆ ಹೇನು ಬಿದ್ದಲ್ಲಿ ನೀರಿನ ರಭಸದಿಂದ ತೊಳೆಯುವುದು ಮೊದಲ ಕ್ರಮ. ಬೇವಿನ ಎಣ್ಣೆ ಸಿಂಪಡಿಸಲೇಬೇಕಾದಲ್ಲಿ ಹೂಗಳನ್ನು ಬಿಟ್ಟು, ಸಂಜೆ ಮಾತ್ರ ಸಿಂಪಡಿಸಬೇಕು.

ಬಡಗಿ ದುಂಬಿಯ ಗಂಡು ಕುಟುಕುವುದಿಲ್ಲ. ಹೆಣ್ಣು ಕೈಯಲ್ಲಿ ಹಿಡಿದರೆ ಮಾತ್ರ ಕುಟುಕುತ್ತದೆ. ಆದರೆ ಹೆಜ್ಜೇನಿನ ವಿಷಯ ಬೇರೆ. ಬಂಡೆ, ಎತ್ತರದ ಕಟ್ಟಡ, ನೀರಿನ ಟ್ಯಾಂಕ್‌ಗಳಲ್ಲಿ ಹೆಜ್ಜೇನು ಕಟ್ಟಿದಲ್ಲಿ ಹೊಗೆ ಹಾಕುವುದು, ಕಲ್ಲೆಸೆಯುವುದು, ಬೆಂಕಿ ಹಚ್ಚುವುದು ಪ್ರಾಣಾಪಾಯಕಾರಿ. ಪರಿಣತರ ನೆರವನ್ನೇ ಪಡೆಯಬೇಕು.

9. ಪ್ರಾರಂಭಿಸುವವರಿಗೆ

ಮೊದಲ ವರ್ಷ ಪೂರ್ತಿ ತಾರಸಿಯನ್ನು ತೋಟವಾಗಿಸುವ ಅವಶ್ಯಕತೆಯಿಲ್ಲ. ಗೋಡೆಯ ಸಾಲಿನ ಮೇಲೆ ಆರು ತೊಟ್ಟಿಗಳು ಸಾಕು: ತಂಗಡಿ, ಕಾಮಕಸ್ತೂರಿ, ಅವರೆ, ಬದನೆ, ಟೇಬಲ್ ರೋಸ್ ತಲಾ ಒಂದು, ಆರನೆಯದರಲ್ಲಿ ಮುಂಗಾರಿಗೆ ಎಳ್ಳು, ಹಿಂಗಾರಿಗೆ ಹುಚ್ಚೆಳ್ಳು, ನಂತರ ಕೊತ್ತಂಬರಿ. ಇಷ್ಟರಿಂದಲೇ ಹನ್ನೆರಡು ತಿಂಗಳೂ ಹೂ ದೊರೆಯುವ ಒಂದು ಚಿಕ್ಕ ಅಕ್ಕಡಿ ಸಿದ್ಧವಾಗುತ್ತದೆ. ಪ್ರತಿ ತಿಂಗಳ ಮೊದಲ ವಾರದಲ್ಲಿ ಯಾವ ಹೂವಿತ್ತು, ಯಾವ ಜೇನು ಬಂದಿತು ಎಂದು ಬರೆದಿಟ್ಟುಕೊಂಡಲ್ಲಿ, ಮರುವರ್ಷ ಯಾವ ತಿಂಗಳ ಕೊರತೆ ತುಂಬಬೇಕೆಂಬುದು ತಾನಾಗಿ ತಿಳಿಯುತ್ತದೆ.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಆಯಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿ, ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಜೇನು ಕೃಷಿ ವಿಭಾಗವನ್ನು ಸಂಪರ್ಕಿಸಬಹುದಾಗಿದೆ.